ಹೆಳವರ ವಹಿ: ದಾಯಾದಿ ಕವಲು ಹುಡುಕಲು ಪಡೆದ ಸೇವೆಯ ವಿಮರ್ಶೆ

ಮನೆತನದ ಇತಿಹಾಸ ಹುಡುಕಲು ಹೊರಟವರಲ್ಲಿ ಹೆಚ್ಚಿನವರು ತಂದೆ, ಅಜ್ಜ, ಮುತ್ತಜ್ಜ ಎಂದು ನೇರವಾಗಿ ಮೇಲಕ್ಕೆ ಹತ್ತುತ್ತಾರೆ. ನನಗೆ ಬೇಕಾಗಿದ್ದುದು ಅದಲ್ಲ. ಮುತ್ತಜ್ಜನ ಒಡಹುಟ್ಟಿದವರು ಎಷ್ಟು ಜನ, ಅವರು ಎಲ್ಲಿಗೆ ಹೋದರು, ಅವರ ಮಕ್ಕಳು ಮೊಮ್ಮಕ್ಕಳು ಈಗ ಯಾವ ಊರಿನಲ್ಲಿ ಯಾವ ಅಡ್ಡಹೆಸರಿನಲ್ಲಿ ಇದ್ದಾರೆ ಎಂಬುದು ಬೇಕಾಗಿತ್ತು. ಈ ಕೆಲಸಕ್ಕೆ ನಾನು ಕೊನೆಗೆ ನೆಚ್ಚಿದ್ದು ನಮ್ಮ ಮನೆತನಕ್ಕೆ ತಲೆಮಾರುಗಳಿಂದ ನಡೆದುಕೊಂಡು ಬಂದಿರುವ, ಮನೆತನಗಳ ವಂಶಾವಳಿಯನ್ನು ವಹಿಯೆಂಬ ಪುಸ್ತಕದಲ್ಲಿ ಬರೆದಿಟ್ಟು ಓದಿ ಹೇಳುವ ಹೆಳವರನ್ನು. ಅವರು ಕೊಟ್ಟ ಸೇವೆಯ ಗುಣದೋಷಗಳನ್ನು, ಅದಕ್ಕೆ ಮೊದಲು ಹಣ ಕೊಟ್ಟು ಕೈಸುಟ್ಟುಕೊಂಡ ಇನ್ನೊಂದು ಸೇವೆಯ ನೆನಪಿನೊಂದಿಗೆ, ಇಲ್ಲಿ ಬರೆಯುತ್ತಿದ್ದೇನೆ.

ಹುಡುಕಾಟದ ಕಾರಣ ಬರಿಯ ಕುತೂಹಲವಲ್ಲ. ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮೇಲೆ, ಬೀಳಗಿ ತಾಲ್ಲೂಕಿನಲ್ಲಿ ಹಿಂದಿನ ಸುತ್ತಿನಲ್ಲಿ ಮುಳುಗದೆ ಉಳಿದಿದ್ದ ಎತ್ತರದ ಹೊಲಗಳ ದಾಖಲೆಗಳನ್ನೂ ಜನ ಪೆಟ್ಟಿಗೆಯಿಂದ ಹೊರತೆಗೆಯಬೇಕಾಯಿತು. ನಮ್ಮದೊಂದು ಹೊಲದ ಪಹಣಿಯಲ್ಲಿ ಇಂದಿಗೂ ಇರುವುದು ಸಣ್ಣ ಮುತ್ತಜ್ಜನ ಹೆಸರು, ಅಂದರೆ ಮುತ್ತಜ್ಜನ ತಮ್ಮನದು. ಆತನಿಗೆ ಮಕ್ಕಳಿರಲಿಲ್ಲ, ಹೆಂಡತಿ ಮೊದಲೇ ತೀರಿಕೊಂಡಿದ್ದಳು, ಹಿಸ್ಸೆಯಾಗಿ ಆತನ ಪಾಲು ಬೇರೆಯೇ ಇತ್ತು. ಹೊಲ ಉಳುತ್ತ ಬಂದವರು ನಾವು; ಕಾಗದದಲ್ಲಿ ಮಾತ್ರ ತೀರಿಹೋದವನೇ ಯಜಮಾನ. ಪೌತಿ ಖಾತೆ, ಅಂದರೆ ತೀರಿದವನ ಖಾತೆಯನ್ನು ವಾರಸುದಾರರ ಹೆಸರಿಗೆ, ಮಾಡಿಸಲು ಹೋದರೆ ವಂಶವೃಕ್ಷ ಕೇಳುತ್ತಾರೆ, ವಂಶವೃಕ್ಷ ಬರೆಯಲು ಕುಳಿತರೆ ಒಂದೇ ಕೊಂಬೆ ಇರುವ ಮರವಾಗುತ್ತದೆ, ಏಕೆಂದರೆ ನಮ್ಮ ಮನೆಯಲ್ಲಿ ಯಾರಿಗೂ ನಮ್ಮ ಕೊಂಬೆಯನ್ನು ಬಿಟ್ಟು ಬೇರೆಯದು ಗೊತ್ತಿರಲಿಲ್ಲ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಅಂತರ್ಜಾಲದಲ್ಲಿ ವಂಶವೃಕ್ಷ ಕಟ್ಟಿಕೊಡುವ ಒಂದು ಸೇವೆಗೆ ವರ್ಷದ ಚಂದಾ ಕಟ್ಟಿದೆ. ಅದರ ಹೆಸರು ಇಲ್ಲಿ ಬೇಡ. ತಂದೆಯಿಂದ ಮುತ್ತಜ್ಜನವರೆಗೆ ಹೆಸರು ತುಂಬಿದ ಮೂರನೆಯ ದಿನವೇ ಅದು ನಮ್ಮ ಮುತ್ತಜ್ಜನನ್ನು ಬೇರೆ ಜಿಲ್ಲೆಯ, ಬೇರೆ ಮನೆದೇವರ, ಯಾವುದೋ ಮನೆತನದ ಹಿರಿಯನೊಂದಿಗೆ ಸೇರಿಸಿ, ನಿಮಗೆ ನಲವತ್ತೊಂದು ಹೊಸ ಸಂಬಂಧಿಕರು ಸಿಕ್ಕಿದ್ದಾರೆ ಎಂದು ಅಭಿನಂದಿಸಿತು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ಇರುವುದರಿಂದ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು ಮರಳಿ ಬರುತ್ತದೆ; ಅಣ್ಣತಮ್ಮಂದಿರು ಮೂವರಿದ್ದರೆ ಮೂವರ ಮನೆಯಲ್ಲೂ ಅಜ್ಜನ ಹೆಸರಿನ ಒಬ್ಬೊಬ್ಬ ಹುಡುಗ ಇರುತ್ತಾನೆ. ಹೆಸರು, ತಂದೆಯ ಹೆಸರು, ಅಂದಾಜು ವಯಸ್ಸು ಮೂರೂ ಹೊಂದಿದರೆ ಒಬ್ಬನೇ ಮನುಷ್ಯ ಎಂದು ಲೆಕ್ಕ ಹಾಕುವ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಬಲೆ ಇಲ್ಲ. ನಲವತ್ತೊಂದು ಜನರನ್ನು ಒಬ್ಬೊಬ್ಬರಾಗಿ ಬಿಡಿಸಿ ಹಾಕುವುದಕ್ಕೆ ಎರಡು ಭಾನುವಾರ ಹಿಡಿಯಿತು.

ಹಾಗೆ ನೋಡಿದರೆ ವಂಶ ಬರೆಯುವ ಹಳೆಯ ಪಾಶ್ಚಾತ್ಯ ಪದ್ಧತಿಯೇ ಪಕ್ಕದ ಕವಲಿಗೆ ಒಗ್ಗುವಂಥದ್ದಲ್ಲ. 1590ರಲ್ಲಿ ಐಟ್ಸಿಂಗರ್ ಎಂಬಾತ ಬಳಸಿದ, ಇಂದಿಗೂ ನಡೆಯುತ್ತಿರುವ ಎಣಿಕೆಯಲ್ಲಿ ನೀವು 1, ತಂದೆ 2, ತಾಯಿ 3, ತಂದೆಯ ತಂದೆ 4; ಯಾರದೇ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಅವರ ತಂದೆ ಸಿಗುತ್ತಾನೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. ಲೆಕ್ಕ ಬಹಳ ಚೆನ್ನಾಗಿದೆ, ಆದರೆ ಅಣ್ಣನಿಗೆ, ತಂಗಿಗೆ, ಕಾಕಾನಿಗೆ ಅಲ್ಲಿ ಸಂಖ್ಯೆಯೇ ಇಲ್ಲ. ನನ್ನ ಸಣ್ಣ ಮುತ್ತಜ್ಜ ಆ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ.

ಇನ್ನು ಹೆಳವರು. ಉತ್ತರ ಕರ್ನಾಟಕದವರಿಗೆ ಇವರ ಪರಿಚಯ ಬೇಕಿಲ್ಲ. ಉಳಿದವರಿಗಾಗಿ ನಾಲ್ಕು ಮಾತು. ಹೆಳವ ಎಂದರೆ ಕಾಲಿಲ್ಲದವನು, ಕುಂಟ. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕುರಿತು ಎಡ್ಗರ್ ಥರ್ಸ್ಟನ್ ಎಂಬಾತ 1909ರಲ್ಲಿ ಬರೆದಿಟ್ಟಿರುವಂತೆ, ಮೈಸೂರಿನ ಕೆಲವು ಭಾಗಗಳಲ್ಲೂ ಬಳ್ಳಾರಿ ಜಿಲ್ಲೆಯಲ್ಲೂ ಇವರು ಕಾಲುಗಳನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಎತ್ತಿನ ಮೇಲೆ ಕುಳಿತು ಊರಿಗೆ ಬಂದು, ಮನೆಮನೆಯ ಮುಂದೆ ನಿಂತು ಆಯಾ ಮನೆತನದ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರನ್ನೂ ಹೇಳುತ್ತಿದ್ದರು. ಒಂದೊಂದು ಹೆಳವರ ಮನೆಗೆ ಇಂತಿಷ್ಟು ಒಕ್ಕಲು ಎಂದು ಪರಂಪರೆಯಿಂದ ಬಂದಿರುತ್ತದೆ, ಮತ್ತು ಆ ಒಕ್ಕಲುಗಳ ಮನೆಗೆ ಕೆಲವು ವರ್ಷಗಳಿಗೊಮ್ಮೆ ಬಂದು, ಹಳೆಯದನ್ನು ಓದಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು ಅಥವಾ ಹಣ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ನಮ್ಮ ಹೆಳವರು ಈಗ ಎತ್ತಿನ ಮೇಲೆ ಬರುವುದಿಲ್ಲ, ಮಗನ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ಬರುತ್ತಾರೆ. ಕಂಬಳಿ ಮಾತ್ರ ಹೆಗಲ ಮೇಲಿದೆ.

ಅವರು ಬಂದದ್ದು ಬೆಳಗಿನ ಆರು ಗಂಟೆಗೆ, ಜೋಳದ ಸುಗ್ಗಿ ಮುಗಿದ ವಾರದಲ್ಲಿ. ಕಟ್ಟೆಯ ಮೇಲೆ ಕಂಬಳಿ ಹಾಸಿ, ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಉದ್ದನೆಯ ವಹಿಯನ್ನು ಬಿಚ್ಚುವ ಮೊದಲು, ಬಾಯಿಪಾಠವಾಗಿಯೇ ನಮ್ಮ ಮನೆದೇವರಾದ ಗೊಡಚಿಯ ವೀರಭದ್ರನಿಂದ ಹಿಡಿದು ಮೂಲ ಊರು, ಊರು ಬಿಟ್ಟ ಕಾರಣ, ಮೂಲಪುರುಷನ ಹೆಸರು ಇಷ್ಟನ್ನೂ ಒಂದೇ ರಾಗದಲ್ಲಿ ಹೇಳಿದರು. ಆಮೇಲೆ ವಹಿ ತೆರೆದು, "ಯಜಮಾನರ, ನಿಮ್ಮದು ನಡುವಿನ ಕವಲರಿ. ಹಿರೇ ಕವಲು ಸೊಲ್ಲಾಪುರಕ್ಕ ಹೋತು, ಸಣ್ಣ ಕವಲು ನಿಂತು ಹೋತು" ಎಂದರು. ಚಂದಾ ಕಟ್ಟಿ, ಎರಡು ಭಾನುವಾರ ಕಳೆದು, ನಾಡಕಚೇರಿಗೆ ನಾಲ್ಕು ಸಲ ಅಲೆದು ಸಿಗದಿದ್ದ ವಿಷಯ ಒಂದು ಲೋಟ ಚಹಾ ಆರುವುದರೊಳಗೆ ಸಿಕ್ಕಿತು.

ಈ ಸೇವೆ ಪಕ್ಕದ ಕವಲುಗಳ ವಿಷಯದಲ್ಲಿ ಇಷ್ಟು ಗಟ್ಟಿಯಾಗಿರಲು ಕಾರಣ ಅದರ ವ್ಯವಹಾರದಲ್ಲಿಯೇ ಇದೆ ಎಂದು ನನಗೆ ಅನಿಸುತ್ತದೆ. ನಮ್ಮ ಮಟ್ಟಿಗೆ ದಾಯಾದಿ ಎಂದರೆ ಹಿಸ್ಸೆಯಾದ ಮೇಲೆ ಮುಗಿದ ಮಾತು; ಹೆಳವರ ಮಟ್ಟಿಗೆ ಹಿಸ್ಸೆಯಾದ ಪ್ರತಿಯೊಂದು ಮನೆಯೂ ಹೊಸದೊಂದು ಒಕ್ಕಲು, ಹೊಸದೊಂದು ಕಾಣಿಕೆ. ಮೂವರು ಅಣ್ಣತಮ್ಮಂದಿರು ಜಗಳಾಡಿ ಮೂರು ಒಲೆ ಹೂಡಿದರೆ ನಾವು ಇಬ್ಬರನ್ನು ಮರೆಯುತ್ತೇವೆ, ಅವರು ಮೂರು ಪುಟ ತೆರೆಯುತ್ತಾರೆ. ಹರಿದ್ವಾರದ ಪಂಡರ, ಅಂದರೆ ತೀರ್ಥಪುರೋಹಿತರ, ವಹಿಗಳ ಹೆಸರು ಹೆಚ್ಚು ಪ್ರಸಿದ್ಧ. ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ಸಂಸ್ಥೆ 1970ರ ದಶಕದಿಂದ ಅವುಗಳ ಮೈಕ್ರೋಫಿಲ್ಮ್ ಕೂಡ ಮಾಡಿಸಿದೆ. ಆದರೆ ಅಲ್ಲಿ ದಾಖಲಾಗುವುದು ಗಂಗೆಯವರೆಗೆ ಹೋಗುವ ಅನುಕೂಲವಿದ್ದ ಮನೆ ಮಾತ್ರ. ಬಡ ತಮ್ಮನ ಮನೆಗೂ ತಾನೇ ನಡೆದು ಹೋಗುವ ದಾಖಲೆಗಾರ ಹೆಳವ.

ವಹಿಯ ಪುಟವನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು, ಫೋಟೋಕ್ಕೆ ಅವಕಾಶ ಸಿಗಲಿಲ್ಲ. ತಂದೆಯ ಹೆಸರು ಪುಟದ ನೆತ್ತಿಯಲ್ಲಿ, ಅದರ ಕೆಳಗೆ ಮಕ್ಕಳು ಹಿರಿಯನಿಂದ ಕಿರಿಯನವರೆಗೆ ಎಡದಿಂದ ಬಲಕ್ಕೆ, ಪ್ರತಿಯೊಬ್ಬನ ಹೆಸರಿನ ಕೆಳಗೆ ಹೆಂಡತಿಯ ಹೆಸರು ಮತ್ತು ಆಕೆಯ ತವರೂರು, ಅದರ ಕೆಳಗೆ ಅವನ ಪುಟ ಎಲ್ಲಿದೆ ಎಂಬ ಗುರುತು. ಮಕ್ಕಳಿಲ್ಲದವನ ಹೆಸರಿನ ಕೆಳಗೆ ಒಂದು ಅಡ್ಡಗೆರೆ. ದತ್ತಕ ಹೋದವನು ಎರಡು ಕಡೆ ಇರುತ್ತಾನೆ: ಹುಟ್ಟಿದ ಮನೆಯ ಪುಟದಲ್ಲಿ 'ಕೊಟ್ಟದ್ದು' ಎಂದೂ ಹೋದ ಮನೆಯ ಪುಟದಲ್ಲಿ 'ತಂದದ್ದು' ಎಂದೂ. ಇಷ್ಟು ಸರಳವಾದ ಉಪಾಯ ನಮ್ಮ ಕಂದಾಯ ದಾಖಲೆಗಳಲ್ಲಿ ಇದ್ದಿದ್ದರೆ ಎಷ್ಟು ವ್ಯಾಜ್ಯಗಳು ತಪ್ಪುತ್ತಿದ್ದವೋ.

ತಾರೀಖಿನ ವಿಷಯದಲ್ಲಿ ಓದುಗರು ಎಚ್ಚರವಾಗಿರಬೇಕು. ವಹಿಯಲ್ಲಿ ಇಸವಿ ಇರುವುದಿಲ್ಲ, ಸಂವತ್ಸರದ ಹೆಸರು ಇರುತ್ತದೆ, ಮತ್ತು ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಮೂವರು ಅಣ್ಣತಮ್ಮಂದಿರ ತಂದೆ 'ವಿಳಂಬಿಯಲ್ಲಿ, ಬೇನೆಗೆ' ತೀರಿದ ಎಂದಿತ್ತು. ವಿಳಂಬಿ 1838ರಲ್ಲೂ ಬಂದಿತ್ತು, 1898ರಲ್ಲೂ ಬಂದಿತ್ತು. ಮುಂಬಯಿ ಪ್ರಾಂತಕ್ಕೆ ಪ್ಲೇಗು ಕಾಲಿಟ್ಟದ್ದು 1896ರಲ್ಲಿ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಕಥೆಯನ್ನು ನನ್ನ ಅಜ್ಜ ತನ್ನ ತಂದೆಯ ಬಾಯಿಂದ ಕೇಳಿದ್ದ. ಆದ್ದರಿಂದ 1898 ಎಂದು ನಿರ್ಧರಿಸಲು ಕಷ್ಟವಾಗಲಿಲ್ಲ. ಹಾಗೆಯೇ 'ಧಾತು-ಈಶ್ವರದ ಬರ' ಎಂದು ಬರೆದಿದ್ದರೆ ಅದು 1876ರಿಂದ 78ರ ದೊಡ್ಡ ಬರವೆಂದು ತಿಳಿಯಬಹುದು. ಬರ, ಬೇನೆ, ನೆರೆ ಯಾವುದೂ ಜೊತೆಗಿಲ್ಲದ ಬರಿಯ ಸಂವತ್ಸರ ಸಿಕ್ಕರೆ ತಲೆಮಾರುಗಳನ್ನು ಎಣಿಸಿಯೇ ಊಹಿಸಬೇಕು.

ನಮ್ಮ ಪಾಲಿಗೆ ನಿರ್ಣಾಯಕವಾದದ್ದು ಇನ್ನೊಂದು ಸಂವತ್ಸರ. ಸಣ್ಣ ಮುತ್ತಜ್ಜನ ಹೆಸರಿನ ಕೆಳಗಿನ ಅಡ್ಡಗೆರೆಯ ಪಕ್ಕದಲ್ಲಿ 'ದುರ್ಮುಖಿ, ಶ್ರಾವಣ' ಎಂದು ಬರೆದಿತ್ತು. 1898ರಲ್ಲಿ ಹನ್ನೆರಡು ಹದಿಮೂರು ವರ್ಷದ ಹುಡುಗನಾಗಿದ್ದವನು 1896ರ ದುರ್ಮುಖಿಯಲ್ಲಿ ಸಾಯುವಂತಿಲ್ಲ. ಉಳಿದದ್ದು 1956ರ ದುರ್ಮುಖಿ. ಆ ವರ್ಷದ ಯುಗಾದಿ ಏಪ್ರಿಲಿನಲ್ಲಿ, ಶ್ರಾವಣ ಆಗಸ್ಟಿನಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1956ರ ಜೂನ್ 17ರಂದು. ಅದೇ ಸಂವತ್ಸರದ ಚೈತ್ರ ವೈಶಾಖದಲ್ಲಿ ಆತ ತೀರಿಕೊಂಡಿದ್ದರೆ ಹಳೆಯ ಕಟ್ಟಳೆ, ಶ್ರಾವಣದಲ್ಲಿ ತೀರಿಕೊಂಡದ್ದರಿಂದ ಹೊಸ ಕಾಯ್ದೆ. ಒಬ್ಬ ಹೆಳವ ಎಪ್ಪತ್ತು ವರ್ಷದ ಹಿಂದೆ ಸಂವತ್ಸರದ ಜೊತೆಗೆ ತಿಂಗಳನ್ನೂ ಬರೆದದ್ದು ನಮಗೆ ಎಷ್ಟು ದೊಡ್ಡ ಉಪಕಾರವಾಯಿತು ಎಂಬುದು ವಕೀಲರ ಮುಂದೆ ಕುಳಿತಾಗಲೇ ಅರ್ಥವಾದದ್ದು.

ಮತ್ತು ಈ ಸೇವೆಯ ದೊಡ್ಡ ಕೊರತೆ ಬಯಲಾದದ್ದೂ ವಕೀಲರ ಮುಂದೆಯೇ. ಹೆಂಡತಿ, ಮಕ್ಕಳು, ತಾಯಿ ಇವರು ಯಾರೂ ಇಲ್ಲದೆ ತೀರಿದವನ ಆಸ್ತಿ ಕಾಯ್ದೆಯ ಎರಡನೆಯ ವರ್ಗದ ವಾರಸುದಾರರಿಗೆ ಹೋಗುತ್ತದೆ. ಆ ಪಟ್ಟಿಯಲ್ಲಿ ಅಣ್ಣತಮ್ಮಂದಿರ ಸಾಲಿನಲ್ಲಿಯೇ ಅಕ್ಕತಂಗಿಯರೂ ಇದ್ದಾರೆ, ಮತ್ತು ಇವರು ಯಾರೂ ಬದುಕಿಲ್ಲದಿದ್ದಾಗ ಅಣ್ಣತಮ್ಮಂದಿರ ಮಕ್ಕಳ ಸಾಲಿನಲ್ಲಿಯೇ ಅಕ್ಕತಂಗಿಯರ ಮಕ್ಕಳೂ ಇದ್ದಾರೆ. "ನಿಮ್ಮ ಮುತ್ತಜ್ಜನಿಗೆ ಅಕ್ಕತಂಗಿ ಇರಲಿಲ್ಲವೇ?" ಎಂದು ವಕೀಲರು ಕೇಳಿದರು. ವಹಿಯಲ್ಲಿ ಇರಲಿಲ್ಲ. ಆದರೆ ನಮ್ಮ ವಹಿಯಲ್ಲಿ ಯಾವ ತಲೆಮಾರಿನಲ್ಲೂ ಹೆಣ್ಣುಮಗಳೊಬ್ಬಳ ಹೆಸರಿಲ್ಲ! ಸೊಸೆಯಾಗಿ ಬಂದವಳ ಹೆಸರು, ಅವಳ ತವರೂರು ಸಹಿತ ಇದೆ. ಮಗಳಾಗಿ ಹುಟ್ಟಿ ಹೋದವಳು ಇಲ್ಲ. ಕೇಳಿದರೆ ಹೆಳವರು, ಆಕೆ ಹೋದ ಮನೆಯ ವಹಿಯಲ್ಲಿ ಸೊಸೆಯಾಗಿ ಇರುತ್ತಾಳೆ ಎಂದು ಸಮಾಧಾನ ಹೇಳಿದರು. ಮಾತು ತಪ್ಪಲ್ಲ, ಆದರೆ ಯಾವ ಮನೆಗೆ ಹೋದಳೆಂದು ಗೊತ್ತಿದ್ದರೆ ನಾನು ಹೆಳವರನ್ನೇಕೆ ಕೇಳುತ್ತಿದ್ದೆ?

ಆಕೆಯನ್ನು ಹುಡುಕಿಕೊಟ್ಟದ್ದು ಸೊಲ್ಲಾಪುರದ ಒಂದು ಟ್ರಂಕು. ವಹಿಯಲ್ಲಿದ್ದ ಹಿರೇ ಕವಲಿನ ಜಾಡು ಹಿಡಿದು ಅಲ್ಲಿಗೆ ಹೋದೆ. ಗಿರಣಿಗಳು ಬೆಳೆಯುತ್ತಿದ್ದ ಕಾಲದಲ್ಲಿ ವಿಜಯಪುರ ಸೀಮೆಯಿಂದ ಆ ಊರಿಗೆ ಹೋದ ಕನ್ನಡದ ಮನೆಗಳು ಎಷ್ಟೋ, ಅವುಗಳಲ್ಲೊಂದು ನಮ್ಮದು. ಹಿಸ್ಸೆಯಾಗಿ ಬೇರೆ ಮನೆ ಕಟ್ಟಿದ್ದರಿಂದ ನಾವು ಹೊಸಮನಿಯವರಾಗಿದ್ದರೆ, ಅವರು ಬಿಟ್ಟು ಬಂದ ಊರಿನ ಹೆಸರಿಗೆ 'ಕರ' ಸೇರಿಸಿಕೊಂಡು ಮರಾಠಿ ರೀತಿಯ ಅಡ್ಡಹೆಸರಿನವರಾಗಿದ್ದರು. ಹೆಳವರ ವಹಿ ಇಲ್ಲದೆ ಈ ಎರಡು ಅಡ್ಡಹೆಸರುಗಳನ್ನು ಒಂದೇ ಬುಡಕ್ಕೆ ಕಟ್ಟುವುದು ಯಾವ ಯಂತ್ರಕ್ಕೂ ಸಾಧ್ಯವಿರಲಿಲ್ಲ. ಆ ಮನೆಯ ಹಿರಿಯರು, ನನಗೆ ಸಂಬಂಧದಲ್ಲಿ ಕಾಕಾ ಆಗಬೇಕಾದವರು, ಮನೆದೇವರು ಯಾವುದು ಎಂದು ಒಂದೇ ಪ್ರಶ್ನೆ ಕೇಳಿ ಒಳಗೆ ಕರೆದರು. ಅವರ ಟ್ರಂಕಿನಲ್ಲಿ 1950ರ ದಶಕದ ಒಂದು ಮದುವೆಯ ಆಯೇರದ ಪಟ್ಟಿ ಇತ್ತು: ಯಾರು ಎಷ್ಟು ರೂಪಾಯಿ, ಯಾರು ಸೀರೆ, ಯಾರು ಪಾತ್ರೆ ಕೊಟ್ಟರು ಎಂಬ ಲೆಕ್ಕ. ಮೈಸೂರು ಕಡೆಯವರು ಮುಯ್ಯಿ ಎನ್ನುವುದು ಇದನ್ನೇ. ಅದರ ಮೂರನೆಯ ಸಾಲಿನಲ್ಲಿ 'ಹಿರೇ ಅತ್ತಿ, ಇಳಕಲ್ ಸೀರಿ 1, ಕುಪ್ಪಸ 1' ಎಂದೂ, ಪಕ್ಕದಲ್ಲಿ ಜಮಖಂಡಿ ಕಡೆಯ ಒಂದು ಊರಿನ ಹೆಸರೂ ಇತ್ತು. ಮುತ್ತಜ್ಜನ ಅಕ್ಕ ಹೀಗೆ ಒಂದು ಸೀರೆಯ ಲೆಕ್ಕದಲ್ಲಿ ಸಿಕ್ಕಳು. ಪಕ್ಕದ ಕವಲು ಹುಡುಕುವವರು ಮನೆಯಲ್ಲಿ ಇಂಥ ಪಟ್ಟಿಗಳಿದ್ದರೆ ರದ್ದಿಗೆ ಹಾಕಬಾರದು. ಗಂಡುಮಕ್ಕಳ ಕವಲು ಹೆಳವರ ವಹಿಯಲ್ಲಿದ್ದರೆ ಹೆಣ್ಣುಮಕ್ಕಳ ಕವಲು ಆಯೇರದ ಪಟ್ಟಿಯಲ್ಲಿರುತ್ತದೆ.

ಮಾತಿನಿಂದ ಮಾಹಿತಿ ಪಡೆಯುವಾಗ ನಮ್ಮ ಭಾಷೆಯ ಒಂದು ಗುಣವನ್ನು ಗಮನದಲ್ಲಿಡಬೇಕು. ಕಾಕಾನ ಮಗನೂ ದೊಡ್ಡಪ್ಪನ ಮಗನೂ ನಮಗೆ ಅಣ್ಣತಮ್ಮಂದಿರೇ. ಆ ಕಾಕಾ ಒಬ್ಬರ ಹೆಸರು ಹೇಳಿ "ನಮ್ಮ ಅಣ್ಣ" ಎಂದಾಗ ನಾನು ಅವರನ್ನು ಒಡಹುಟ್ಟಿದವರೆಂದೇ ಬರೆದುಕೊಂಡೆ. ಊಟಕ್ಕೆ ಕುಳಿತಾಗ ಅವರು ದೊಡ್ಡಪ್ಪನ ಮಗನೆಂದು ತಿಳಿದು ಇಡೀ ಹಾಳೆ ತಿದ್ದಬೇಕಾಯಿತು. "ಖಾಸಾ ಅಣ್ಣನೋ?" ಎಂದು ಪ್ರತಿ ಸಲವೂ ಕೇಳುವುದು ಒರಟೆನಿಸಿದರೂ ಕೇಳಲೇಬೇಕು. ಅಕ್ಕನ ಮಗಳನ್ನು ಮದುವೆಯಾದ ಮನೆಗಳಲ್ಲಂತೂ ಒಬ್ಬಳೇ ಹೆಂಗಸು ಸೊಸೆಯಾಗಿಯೂ ಮೊಮ್ಮಗಳಾಗಿಯೂ ಎರಡು ಕಡೆ ಬರುತ್ತಾಳೆ.

ಕೇಳಿದ್ದನ್ನೆಲ್ಲ ಕೂಡಿಸಿಡಲು ನಾನು ಗ್ರ್ಯಾಂಪ್ಸ್ ಬಳಸುತ್ತಿದ್ದೇನೆ. 2001ರಲ್ಲಿ ಶುರುವಾದ ಉಚಿತ ತಂತ್ರಾಂಶ, ಕಂಪ್ಯೂಟರಿನಲ್ಲಿಯೇ ಉಳಿಯುತ್ತದೆ, ಯಾರನ್ನೂ ಯಾರೊಂದಿಗೂ ತಾನಾಗಿ ಸೇರಿಸುವುದಿಲ್ಲ. ದತ್ತಕವನ್ನು ಬೇರೆಯಾಗಿ ಗುರುತಿಸಬಹುದು, ಇಬ್ಬರನ್ನು ಆರಿಸಿದರೆ ಅವರ ಸಂಬಂಧವೇನೆಂದು ಹೇಳುತ್ತದೆ. ಇಂಗ್ಲಿಷಿನಲ್ಲಿ ಹೇಳುವಾಗ ಕಾಕಾನ ಮಗನೂ ಸೋದರಮಾವನ ಮಗನೂ ಒಂದೇ 'ಕಸಿನ್' ಆಗಿಬಿಡುತ್ತಾರೆ; ಅದು ಆ ಭಾಷೆಯ ಬಡತನ.

ಹೆಳವರ ಸೇವೆಯ ಉಳಿದ ಮಿತಿಗಳನ್ನೂ ಹೇಳಬೇಕು. ಈಚಿನ ಐದಾರು ತಲೆಮಾರು ಕರಾರುವಾಕ್ಕಾಗಿವೆ, ಅದಕ್ಕಿಂತ ಮೇಲೆ ಹೋದಂತೆ ಒಂದೊಂದು ತಲೆಮಾರಿಗೆ ಒಬ್ಬೊಬ್ಬನೇ ಉಳಿದು, ಕವಲುಗಳೆಲ್ಲ ಮಾಯವಾಗಿ, ಕೊನೆಗೆ ಕಲ್ಯಾಣದಿಂದ ಹೊರಟುಬಂದ ಪುರುಷನೊಬ್ಬ ನಿಲ್ಲುತ್ತಾನೆ. ಅದನ್ನು ಕೇಳಿ ಸಂತೋಷಪಡಬಹುದು, ದಾಖಲೆಯೆಂದು ಬರೆದುಕೊಳ್ಳಬಾರದು. ಕಾಣಿಕೆ ನಿಂತ ಮನೆಯ ಪುಟವೂ ಅಲ್ಲಿಗೇ ನಿಲ್ಲುತ್ತದೆ: ಸೊಲ್ಲಾಪುರದ ಕವಲಿನಲ್ಲಿ ಎರಡು ತಲೆಮಾರು ಮಾತ್ರ ಬರೆದಿತ್ತು, ಮುಂದಿನದನ್ನು ನಾನೇ ಹೋಗಿ ತರಬೇಕಾಯಿತು. ಎಲ್ಲಕ್ಕಿಂತ ತಮಾಷೆಯ ಸಂಗತಿಯೆಂದರೆ ಹೆಳವರೂ ಹಿಸ್ಸೆಯಾಗುತ್ತಾರೆ. ಇವರ ಅಜ್ಜನ ಕಾಲದಲ್ಲಿ ಅಣ್ಣತಮ್ಮಂದಿರು ಒಕ್ಕಲುಗಳನ್ನು ಹಂಚಿಕೊಂಡಾಗ ಹೊಳೆಯ ಆಚೆಯ ಊರುಗಳು ಇನ್ನೊಬ್ಬರ ಪಾಲಿಗೆ ಹೋಗಿ, ವಹಿಯ ಆ ಭಾಗವೂ ಅವರೊಂದಿಗೆ ಹೋಗಿದೆ. ಮುತ್ತಜ್ಜನ ಅಕ್ಕನ ಗಂಡನ ಮನೆ ಹೊಳೆಯ ಆಚೆ. ಆ ವಹಿ ನೋಡಬೇಕಾದರೆ ನಮ್ಮ ಹೆಳವರ ದಾಯಾದಿಯನ್ನು ಹುಡುಕಬೇಕು, ಮತ್ತು ಅವರಿಬ್ಬರಿಗೂ ಮಾತಿಲ್ಲ.

ವಹಿಯ ಬಲದಿಂದಲೇ ಖಾತೆ ಬದಲಾಗುತ್ತದೆಂದು ಯಾರೂ ಭಾವಿಸಬೇಡಿ. ಅದು ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ, ಅಷ್ಟೆ. ಅಲ್ಲಿಂದ ಮುಂದೆ ಹಕ್ಕು ಬದಲಾವಣೆಯ ಹಳೆಯ ನೋಂದಣಿ, ಜನನ ಮರಣದ ದಾಖಲೆ, ಶಾಲೆಯ ದಾಖಲಾತಿ ಇವುಗಳ ನಕಲು ಪಡೆದು ಒಂದೊಂದು ಹೆಸರನ್ನೂ ಗಟ್ಟಿಮಾಡಿಕೊಳ್ಳಬೇಕು. ಕರಾವಳಿಯ ಅಳಿಯಸಂತಾನದ ಕುಟುಂಬಗಳವರಿಗೆ ಈ ಸೇವೆ ಒದಗುವುದೂ ಇಲ್ಲ, ಬೇಕಾಗುವುದೂ ಇಲ್ಲ. ಹೆಣ್ಣಿನ ಮೂಲಕವೇ ಕವರು, ಅಂದರೆ ಕುಟುಂಬದ ಕವಲು, ಲೆಕ್ಕ ಹಾಕುವ ಅವರಿಗೆ ನಮ್ಮ ಈ ತಾಪತ್ರಯ ನಗೆಯ ವಿಷಯವಾದೀತು.

ನಾವು ಕೊಟ್ಟದ್ದು ಎರಡು ಚೀಲ ಬಿಳಿಜೋಳ, ಒಂದು ಧೋತರ, ಮೂರು ಸಾವಿರ ರೂಪಾಯಿ. ದರಪಟ್ಟಿ ಇಲ್ಲ, ಚೌಕಾಶಿಯನ್ನು ಅವರೂ ಮಾಡಲಿಲ್ಲ, ನಾವೂ ಮಾಡಲಿಲ್ಲ. ಅಂತರ್ಜಾಲದ ಸೇವೆಗೆ ಕಟ್ಟಿದ ವರ್ಷದ ಚಂದಾ ಇದಕ್ಕಿಂತ ಹೆಚ್ಚಿತ್ತು. ಹೊರಡುವ ಮುನ್ನ ಈ ಬಾರಿ ಹುಟ್ಟಿದವರ ಹೆಸರು ಬರೆದುಕೊಳ್ಳಲು ಪೆನ್ನು ತೆಗೆದಾಗ, ನನ್ನ ತಮ್ಮನ ಹೆಂಡತಿ ಒಳಗಿನಿಂದ ಬಂದು ತನ್ನ ಇಬ್ಬರು ಹೆಣ್ಣುಮಕ್ಕಳ ಹೆಸರನ್ನೂ ಬರೆಯಬೇಕೆಂದು ಪಟ್ಟು ಹಿಡಿದಳು. ಹೆಳವರು ಒಂದು ಕ್ಷಣ ವಹಿಯನ್ನೇ ನೋಡಿದರು. ಹೆಣ್ಣುಮಕ್ಕಳಿಗೆ ಪುಟದಲ್ಲಿ ಜಾಗವೇ ಇಟ್ಟಿರಲಿಲ್ಲವಾದ್ದರಿಂದ, ಬಲಗಡೆಯ ಅಂಚಿನಲ್ಲಿ, ಅಡ್ಡಲಾಗಿ, ಸಣ್ಣ ಅಕ್ಷರದಲ್ಲಿ ಎರಡು ಹೆಸರು ಬರೆದರು.